ಊದುಬತ್ತಿಯಷ್ಟು ಬೆಳಕು

ನಮ್ಮ ಮನೆಯಲ್ಲಿ 1986ರ ಮಾಡೆಲ್ ಪ್ರೀಮಿಯರ್ ಪದ್ಮಿನಿ ಕಾರು ಒಂದು ಉಂಟು. ಅಪ್ಪ ಬಿಟ್ಟುಹೋದದ್ದು. ಮಾರುವ ಮಾತೆತ್ತಿದರೆ ಅಮ್ಮ ಊಟ ಬಿಡುತ್ತಾರೆ. ಹಾಗಾಗಿ ಓಡಿಸುತ್ತೇನೆ.

ಕಳೆದ ಮಳೆಗಾಲ, ಆಟಿ ತಿಂಗಳಲ್ಲಿ ಒಂದು ರಾತ್ರಿ ಉಡುಪಿಯಿಂದ ಮಂಗಳೂರಿಗೆ ಬರುತ್ತಿದ್ದೆ. ಪಡುಬಿದ್ರಿ ದಾಟಿದ ಮೇಲೆ ಎಂಥ ಮಳೆ! ವೈಪರ್ ಸುಮ್ನೆ ನೆಪಕ್ಕೆ ಆಡುತ್ತಿತ್ತು. ಹಿಂದಿದ್ದ ಬಸ್ಸು ಕಿರ್ರನೆ ಬ್ರೇಕ್ ಹಾಕಿ, ಆಮೇಲೆ ಪಕ್ಕಕ್ಕೆ ಬಂತು. ಕಂಡಕ್ಟರ್ ಬಾಗಿಲಿಗೆ ಜೋತುಬಿದ್ದು ಕೇಳಿದ, "ಎಂತ ಮಾರಾಯ್ರೆ, ಹಿಂದೆ ಊದುಬತ್ತಿ ಹಚ್ಚಿಟ್ಟಿದ್ದೀರಾ?"

ಮನೆಗೆ ಬಂದು ಕಾರಿನ ಹಿಂದಿನ ಕೆಂಪು ದೀಪ, ಟೈಲ್ ಲೈಟ್, ನೋಡಿದೆ. ಅವನ ಮಾತು ಸುಳ್ಳಲ್ಲ. ಬಲಗಡೆಯದು ಊದುಬತ್ತಿ, ಎಡಗಡೆಯದು ಆರಿಹೋಗುತ್ತಿರುವ ಊದುಬತ್ತಿ.

ಕೆಂಪು ಗಾಜು ಬಿಚ್ಚಿದರೆ ಒಳಗೆ ಬೆಳಕನ್ನು ಹಿಂದಕ್ಕೆ ಎರಚಬೇಕಾದ ತಗಡು ಕಪ್ಪಾಗಿತ್ತು. ಚಪಾತಿ ಸುತ್ತುವ ಫಾಯಿಲ್ ತಂದು ಒಳಗೆಲ್ಲ ಹೊದಿಸಿದೆ. ಬೆಳ್ಳಿ ಮಂಟಪದ ಹಾಗೆ ಕಾಣುತ್ತಿತ್ತು. ಸ್ವಿಚ್ ಒತ್ತಿದೆ. ಫಾಯಿಲ್‌ನ ಒಂದು ತುದಿ ಹೋಲ್ಡರಿನ ಒಳಗೆ ತಾಗಿಕೊಂಡಿತ್ತು. ಫ್ಯೂಸ್ ಹೋಯಿತು.

ಆಮೇಲೆ ಹಂಪನಕಟ್ಟೆಯ ಒಂದು ಅಂಗಡಿಯಿಂದ ಬಿಳಿ ಎಲ್‌ಇಡಿ ತಂದೆ. "ಇದಕ್ಕಿಂತ ಜಾಸ್ತಿ ಬೆಳಕು ಬೇಕಾದರೆ ಸೂರ್ಯನನ್ನೇ ಹಾಕಬೇಕು" ಅಂದಿದ್ದರು. ಹಾಕಿದರೆ ಗಾಜಿನ ನಡುವೆ ಒಂದೇ ಒಂದು ಚುಕ್ಕೆ, ಅದೂ ರೋಸ್ ಮಿಲ್ಕ್ ಬಣ್ಣದ್ದು. ಹಳೆಯ ಬಲ್ಬು ಸುತ್ತಲೂ ಬೆಳಕು ಚೆಲ್ಲುತ್ತದೆ, ತಗಡು ಅದನ್ನು ಗಾಜಿನ ತುಂಬ ಹರಡುತ್ತದೆ. ಈ ಎಲ್‌ಇಡಿ ಮೂಗಿನ ನೇರಕ್ಕೆ ಮಾತ್ರ ನೋಡುತ್ತದೆ. ಕೆಂಪು ಗಾಜಿನ ಹಿಂದೆ ಎಲ್‌ಇಡಿ ಹಾಕುವುದಾದರೆ ಕೆಂಪನ್ನೇ ಹಾಕಬೇಕು, ಬದಿಗೂ ಬೆಳಕು ಬೀರುವಂಥದ್ದು, ಅನ್ನುವುದು ಗೊತ್ತಾದದ್ದು ದುಡ್ಡು ಕೊಟ್ಟ ಮೇಲೆ.

ಸಿಟ್ಟಿನಿಂದ ಹಳೆಯ ಬಲ್ಬನ್ನೇ ಮತ್ತೆ ತುರುಕಿದೆ. ಅದರಲ್ಲಿ ಎರಡು ತಂತಿ. 5 ವ್ಯಾಟಿನದು ಟೈಲ್ ಲೈಟಿಗೆ, 21 ವ್ಯಾಟಿನದು ಬ್ರೇಕಿಗೆ. ಉಲ್ಟಾ ಹಾಕಬಾರದೆಂದೇ ಬಲ್ಬಿನ ಬುಡದಲ್ಲಿ ಎರಡು ಮೊಳೆಗಳನ್ನು ಮೇಲೆ ಕೆಳಗೆ ಇಟ್ಟಿರುತ್ತಾರೆ. ನಾನು ಬಲ ಹಾಕಿ ಉಲ್ಟಾ ಕೂರಿಸಿದೆ. ಟೈಲ್ ಲೈಟ್ ಧಗಧಗ! ಖುಷಿಯಿಂದ ಹೆಂಡತಿಯನ್ನು ಹಿಂದೆ ನಿಲ್ಲಿಸಿ ಬ್ರೇಕ್ ಒತ್ತಿದೆ.

"ಈಗ?"

"ಮೊದಲಿನ ಹಾಗೆಯೇ ಉಂಟು."

"ಈಗ?"

"ನೀವು ಒತ್ತಿದ್ದೀರಾ, ಇಲ್ಲವಾ?"

ಕೊನೆಗೆ ಕೊಟ್ಟಾರದ ಹತ್ತಿರ ವಯರಿಂಗ್ ಮಾಡುವ ಹಿರಿಯರೊಬ್ಬರಲ್ಲಿಗೆ ಹೋದೆ. ಅವರು ಬಲ್ಬನ್ನು ಸರಿಯಾಗಿ ತಿರುಗಿಸಿ ಹಾಕಿ, ನನ್ನಿಂದ ಇಂಡಿಕೇಟರ್ ಆನ್ ಮಾಡಿಸಿದರು. ಅದು ಮಿಣುಕಿದಾಗಲೆಲ್ಲ ಟೈಲ್ ಲೈಟೂ ತಲೆ ತಗ್ಗಿಸುತ್ತಿತ್ತು. "ಬಲ್ಬು ಎಂತ ಮಾಡ್ತದೆ ಪಾಪ? ಅರ್ತಿಂಗ್ ಇಲ್ಲ" ಅಂದರು. ಬಲ್ಬಿಗೆ ಬಂದ ಕರೆಂಟು ಹೋಲ್ಡರ್ ಮೂಲಕ ಕಾರಿನ ತಗಡಿನ ಮೈಗೆ ಇಳಿದು ಬ್ಯಾಟರಿಗೆ ವಾಪಸ್ ಹೋಗಬೇಕು. ನಮ್ಮ ಕಡಲ ಗಾಳಿಗೆ ಆ ದಾರಿಯಲ್ಲೆಲ್ಲ ತುಕ್ಕು. ಸ್ಯಾಂಡ್ ಪೇಪರಿನಲ್ಲಿ ಉಜ್ಜಿದರು, ಹೋಲ್ಡರಿನಿಂದ ಒಂದು ವಯರ್ ಎಳೆದು ಕಾರಿನ ಮೈಗೆ ಬಿಗಿದರು. ಕಪ್ಪಾದ ತಗಡಿಗೆ ಬಿಳಿ ಪೇಂಟ್ ಬಳಿದರು. ಗಾಜನ್ನು ಪಾತ್ರೆ ತೊಳೆಯುವ ಸಾಬೂನಿನಲ್ಲಿ ತೊಳೆಯಲು ಹೇಳಿದರು. ಅವರು ಕೇಳಿದ್ದು ನನ್ನ ಎಲ್‌ಇಡಿಯ ಅರ್ಧ ದುಡ್ಡು.

ಆ ರಾತ್ರಿ ಅಂಗಳದಲ್ಲಿ ಗಾಜಿನ ತುಂಬ ದಾಸವಾಳದ ಕೆಂಪು. ಬ್ರೇಕ್ ಲೈಟ್ ನೋಡುವ ಆಸೆ. ಹಿಂದೆ ನಿಲ್ಲಲು ಯಾರೂ ಬರಲಿಲ್ಲ, ಎಲ್ಲರಿಗೂ ಸಾಕಾಗಿತ್ತು. ಸುಣ್ಣ ಬಳಿದ ಕಂಪೌಂಡಿನ ಮೇಲೆ ಬೀಳುವ ಬೆಳಕನ್ನು ಕನ್ನಡಿಯಲ್ಲೇ ನೋಡೋಣವೆಂದು ರಿವರ್ಸ್ ಹಾಕಿದೆ. ಗೋಡೆ ಕೆಂಪಾಯಿತು. ಇನ್ನೂ ಸ್ವಲ್ಪ ಹಿಂದೆ ಹೋದೆ. ಆಹಾ, ಎಂಥ ಕೆಂಪು! ಇನ್ನೊಂಚೂರು.

ಟಕ್.

ಅಡುಗೆಮನೆಯಿಂದ ಅಮ್ಮ ಕೇಳಿದರು, "ಎಂತ ಅದು ಸದ್ದು?"

"ಎಂತ ಇಲ್ಲಮ್ಮ, ಟೈಲ್ ಲೈಟ್ ನೋಡ್ತಾ ಇದ್ದೆ."

"ಸರಿಯಾಯ್ತಾ?"

"ಬಲಗಡೆಯದು ಸರಿ ಉಂಟು."