ಖಳನ ಕೋಟೆಗೆ ನೀಲಿ ಸುಣ್ಣ

ರಾಜನ ಕೋಟೆ ಶತ್ರುವನ್ನು ಹೊರಗಿಟ್ಟರೆ ಸಾಕು. ಮಕ್ಕಳ ಆಟದ ಖಳನ ಪಾಡು ಹಾಗಲ್ಲ. ಅವನ ಕೋಟೆ ಮಕ್ಕಳನ್ನು ಒಳಗೆ ಬಿಟ್ಟುಕೊಳ್ಳಬೇಕು, ಕೋಣೆಯಿಂದ ಕೋಣೆಗೆ ನಡೆಸಬೇಕು, ದಾರಿಯಲ್ಲಿ ಹೊಟ್ಟೆಗೂ ಒಂದಿಷ್ಟು ಇಟ್ಟಿರಬೇಕು. ಬ್ರಿಟನ್ನಿನ ಐಟಿವಿ ವಾಹಿನಿಯಲ್ಲಿ 1987ರಿಂದ 1994ರವರೆಗೆ ಬಂದ ಮಕ್ಕಳ ಆಟದ ಕಾರ್ಯಕ್ರಮ ‘ನೈಟ್‌ಮೇರ್’ನಲ್ಲಿ ಲಾರ್ಡ್ ಫಿಯರ್ ಎಂಬ ಮಾಂತ್ರಿಕ ಈ ಕಷ್ಟ ಅನುಭವಿಸಿದ. ಲಿಂಗಾರ್ಮ್, ಮಾರ್ಬಲ್‌ಹೆಡ್ ಎಂದು ಅವನ ಬಿಡಾರಗಳ ಹೆಸರು ಮಾತ್ರ ಜೋರು.

ಅಸಲಿಗೆ ಅದು ನಾರ್ವಿಚ್ ಸ್ಟುಡಿಯೊದಲ್ಲಿ ನೀಲಿ ಬಳಿದ ಖಾಲಿ ಕೋಣೆ. ನೀಲಿ ಕಂಡಲ್ಲೆಲ್ಲ ಚಿತ್ರ ಕೂರಿಸುವ ಕ್ರೋಮಾ ಕೀ ತಂತ್ರ. ಮೊದಮೊದಲು ಚಿತ್ರಕಾರ ಡೇವಿಡ್ ರೋ ಬಣ್ಣ ಸಿಂಪಡಿಸುವ ಏರ್‌ಬ್ರಷ್‌ನಲ್ಲಿ ಬರೆದ ಕೋಣೆಗಳು, ಆಮೇಲೆ ನಿಜವಾದ ಹಳೇ ಕೋಟೆಗಳ ದೃಶ್ಯಗಳು, ಕೊನೆಗೆ ಕಂಪ್ಯೂಟರ್. ಇಂಥ ಕೋಟೆ ಬೀಳಲು ಫಿರಂಗಿ ಬೇಡ. ಬೆಳಕು ಸಮನಾಗಿ ಬೀಳದಿದ್ದರೆ ನೆರಳಿನ ನೀಲಿ ಬೇರೆಯಾಗಿ ನೆಲದಲ್ಲಿ ಕಲೆ ಏಳುತ್ತದೆ. ನೀಲಿ ಅಂಗಿ ತೊಟ್ಟರೆ ಮುಂಡ ಮಾಯ, ತಲೆಯೊಂದೇ ನಡೆದಾಡುತ್ತದೆ. ಕ್ಯಾಮೆರಾ ಅಲುಗಿದರೆ ಗೋಡೆ ನಿಂತಲ್ಲೇ ನಿಂತು ಹುಡುಗ ಜಾರುತ್ತಾನೆ. ಚಿತ್ರದ ದಿಗಂತಕ್ಕೂ ಕ್ಯಾಮೆರಾದ ಎತ್ತರಕ್ಕೂ ತಾಳೆಯಾಗದಿದ್ದರೆ ಅವನ ಕಾಲು ನೆಲ ಮುಟ್ಟುವುದೇ ಇಲ್ಲ.

ಒಳಗೆ ಹೋದವನು ಈ ನೀಲಿಯನ್ನು ನೋಡಿಬಿಟ್ಟರೆ ಭಯ ಎಲ್ಲಿಂದ ಬರಬೇಕು? ಅದಕ್ಕೇ ಕೊಂಬಿನ ಶಿರಸ್ತ್ರಾಣ. ಅದು ಕಣ್ಣನ್ನು ಮರೆಮಾಡಿ ಪಾದದ ಸುತ್ತಲಷ್ಟೇ ಕಾಣಲು ಬಿಡುತ್ತದೆ. ನಾಲ್ವರ ತಂಡದ ಉಳಿದ ಮೂವರು ಪರದೆ ನೋಡುತ್ತ ‘ಮುಂದೆ ನಡಿ, ಎಡಕ್ಕೆ ಸರಿ, ನಿಲ್ಲು’ ಎಂದು ಕೂಗಬೇಕು. ಹುಡುಗ ಕ್ಯಾಮೆರಾ ಕಡೆ ಮುಖ ಮಾಡಿದನೋ, ಅವನ ಎಡ ಇವರ ಬಲ. ಮೂವರೂ ಒಟ್ಟಿಗೆ ಕಿರುಚುತ್ತಾರೆ, ಅವನು ಧೈರ್ಯವಾಗಿ ಪ್ರಪಾತಕ್ಕೆ ಹೆಜ್ಜೆಯಿಡುತ್ತಾನೆ. ಎಂಟು ಸರಣಿಗಳಲ್ಲಿ ಗೆದ್ದ ತಂಡಗಳು ಎಂಟೇ. ಇದರಲ್ಲಿ ಮಾಂತ್ರಿಕನಿಗಿಂತ ಎಡಬಲದ ಗೊಂದಲದ ಪಾಲೇ ದೊಡ್ಡದೆಂದು ನನ್ನ ಗುಮಾನಿ.

ಮಾಂತ್ರಿಕನಂತೂ ಬಾಯಿಬಡುಕ. ದಾರಿಯಲ್ಲಿ ಸಿಗುವ ದುರ್ಬೀನಿಗೆ ಕಣ್ಣಿಟ್ಟರೆ ಸಾಕು, ಅವನು ಮುಂದಿನ ಸಂಚನ್ನು ತನ್ನ ಬಂಟನಿಗೆ ವಿವರವಾಗಿ ಒಪ್ಪಿಸುತ್ತಿರುತ್ತಾನೆ. ಕೋಟೆಗೆ ಇಷ್ಟು ಬಾಗಿಲು ಇಡಿಸಿದವನು ಗುಟ್ಟು ಹೇಳುವಾಗ ಒಂದನ್ನಾದರೂ ಮುಚ್ಚಿಕೊಳ್ಳಬಾರದೆ? ಅವನ ಕಣ್ಣಿಗೆ ಬೀಳುವ ಮುಂಚೆ ಮಾತ್ರ ದುರ್ಬೀನು ಕೆಳಗಿಡಬೇಕು. ಇನ್ನೊಂದು ಮಾತು ಕೇಳಿಯೇಬಿಡೋಣ ಅನ್ನುವ ಚಪಲದ ಮೇಲೆ ಅವನಿಗೂ ನಂಬಿಕೆಯಿದೆ.