ಪಕ್ಕದ ಪಾರ್ಕಿನ ಮೇಲಿನ ಜಿದ್ದು: ಪ್ರವಾಸಿಗೆ ಲಾಭವೇ?

ಪ್ರಶ್ನೆ: ಅಮೆರಿಕದ ಫ್ಲೋರಿಡಾದ ಒರ್ಲಾಂಡೊದಲ್ಲಿ ಡಿಸ್ನಿ ಮತ್ತು ಯೂನಿವರ್ಸಲ್ ಮನರಂಜನಾ ಪಾರ್ಕುಗಳ ನಡುವೆ, ಅವುಗಳ ಅಭಿಮಾನಿಗಳ ನಡುವೆ ದಶಕಗಳಿಂದ ನಡೆದಿರುವ ಪೈಪೋಟಿಯಿಂದ ಸಾಮಾನ್ಯ ಪ್ರವಾಸಿಗೆ ಒಳ್ಳೆಯದಾಗಿದೆಯೇ?

ಪರ: ಹೊಟ್ಟೆಕಿಚ್ಚಿಲ್ಲದಿದ್ದರೆ ಯಾರೂ ಕಟ್ಟುತ್ತಿರಲಿಲ್ಲ

ಸುತ್ತಿ ಬಳಸಿ ಹೇಳುವುದಿಲ್ಲ. ಒಳ್ಳೆಯದಾಗಿದೆ, ತುಂಬ ಒಳ್ಳೆಯದಾಗಿದೆ. ಒರ್ಲಾಂಡೊದಲ್ಲಿ ಇವತ್ತು ನಾವು ಬಾಯಿ ಬಿಟ್ಟುಕೊಂಡು ನೋಡುವುದರಲ್ಲಿ ಅರ್ಧಕ್ಕರ್ಧ ಭಾಗ, ಒಬ್ಬರ ಮೇಲೆ ಇನ್ನೊಬ್ಬರು ಹೊಟ್ಟೆಕಿಚ್ಚು ಪಟ್ಟು ಕಟ್ಟಿದ್ದು.

ಡಿಸ್ನಿಯ ಮ್ಯಾಜಿಕ್ ಕಿಂಗ್‌ಡಮ್ ಬಾಗಿಲು ತೆರೆದದ್ದು 1971ರ ಅಕ್ಟೋಬರ್ 1ರಂದು. ಎರಡನೆಯ ಪಾರ್ಕ್ ಎಪ್‌ಕಾಟ್ ಬರಲು ಹನ್ನೊಂದು ವರ್ಷ ಬೇಕಾಯಿತು. ಅವಸರವೇನಿತ್ತು? ಕಡಲ ಪ್ರಾಣಿಗಳ ಪಾರ್ಕ್ ಸೀವರ್ಲ್ಡ್ ಇತ್ತಾದರೂ ಅದರ ದಾರಿಯೇ ಬೇರೆ. ಅಷ್ಟರಲ್ಲಿ ಹಾಲಿವುಡ್‌ನ ಯೂನಿವರ್ಸಲ್ ಒರ್ಲಾಂಡೊದಲ್ಲಿ ಜಾಗ ಹಿಡಿದಿದೆ, ಸಿನಿಮಾ ಸ್ಟುಡಿಯೊ ಪಾರ್ಕ್ ಕಟ್ಟುತ್ತದೆ ಎಂಬ ಸುದ್ದಿ ಬಂತು. 1984ರಲ್ಲಿ ಡಿಸ್ನಿಯ ಮುಖ್ಯಸ್ಥರಾದ ಮೈಕೆಲ್ ಐಸ್ನರ್ ಮರುವರ್ಷವೇ ತಮ್ಮದೂ ಒಂದು ಸ್ಟುಡಿಯೊ ಪಾರ್ಕ್ ಎಂದು ಘೋಷಿಸಿದರು. 1989ರ ಮೇ 1ಕ್ಕೆ ತೆರೆದೂ ಬಿಟ್ಟರು. ಯೂನಿವರ್ಸಲ್ ತೆರೆಯುವಾಗ 1990ರ ಜೂನ್ 7 ಆಗಿತ್ತು. ಎಪ್‌ಕಾಟ್‌ಗಾಗಿ ಹನ್ನೊಂದು ವರ್ಷ ಕಾಯಿಸಿದ ಕಂಪನಿ, ಎದುರಾಳಿಯ ನೆರಳು ಕಂಡ ಮೇಲೆ ನಾಲ್ಕೇ ವರ್ಷದಲ್ಲಿ ಘೋಷಿಸಿ ಕಟ್ಟಿ ಮುಗಿಸಿತು. ಇದಕ್ಕಿಂತ ಸಾಕ್ಷಿ ಬೇಕೇ?

ಇನ್ನು ಯೂನಿವರ್ಸಲ್. ಮೊದಲ ದಿನವೇ ಅದರ ಮಾನ ಹೋಯಿತು. ಕಿಂಗ್‌ಕಾಂಗ್, ಭೂಕಂಪ, ಜಾಸ್ ಎಂಬ ಅದರ ಮೂರು ದೊಡ್ಡ ರೈಡುಗಳು ಕೈಕೊಟ್ಟವು. ಬಂದವರ ಕೈಗೆ ಇನ್ನೊಮ್ಮೆ ಬನ್ನಿ ಎಂದು ಉಚಿತ ಟಿಕೆಟ್ ಕೊಟ್ಟು ಕಳಿಸಬೇಕಾಯಿತು. ನೀರಿನಿಂದ ಎದ್ದು ದೋಣಿಯ ಮೇಲೆ ಬೀಳಬೇಕಿದ್ದ ಜಾಸ್ ರೈಡಿನ ಆ ಶಾರ್ಕ್ ಅನ್ನಂತೂ ಪೂರ್ತಿ ಕಿತ್ತು, ಬೇರೆ ವಿನ್ಯಾಸದಲ್ಲಿ ಮತ್ತೆ ಕಟ್ಟಿ 1993ರಲ್ಲಿ ತೆರೆದರು. ಸುತ್ತಮುತ್ತ ಬೇರೆ ಪಾರ್ಕೇ ಇಲ್ಲದ ಊರಾಗಿದ್ದರೆ ತೇಪೆ ಹಾಕಿ ನಡೆಸುತ್ತಿದ್ದರು. ಹದಿನೈದು ಕಿಲೋಮೀಟರ್ ಆಸುಪಾಸಿನಲ್ಲಿ ಡಿಸ್ನಿ ಕುಳಿತಿರುವಾಗ ತೇಪೆ ನಡೆಯುವುದಿಲ್ಲ.

ಅದೇ ಶಾರ್ಕಿನ ಜಾಗದಲ್ಲಿ ಇವತ್ತು ಏನಿದೆ ಗೊತ್ತೇ? ಡಯಗನ್ ಆಲಿ. ಹ್ಯಾರಿ ಪಾಟರ್‌ನ ಮಾಂತ್ರಿಕರ ಪೇಟೆ ಬೀದಿ, 2014ರಲ್ಲಿ ತೆರೆದದ್ದು. ಹೊರಗಿನಿಂದ ನೋಡಿದರೆ ಬರಿಯ ಲಂಡನ್ನಿನ ಮನೆಗಳ ಸಾಲು. ಇಟ್ಟಿಗೆ ಗೋಡೆಯ ಸಂದಿಯಲ್ಲಿ ತಿರುಗಿ ಒಳಹೊಕ್ಕರೆ ಬೀದಿ ತೆರೆದುಕೊಳ್ಳುತ್ತದೆ, ಕೊನೆಯಲ್ಲಿ ಬ್ಯಾಂಕಿನ ಕಟ್ಟಡದ ಮೇಲೆ ಡ್ರ್ಯಾಗನ್ ಕುಳಿತಿರುತ್ತದೆ, ಆಗಾಗ ಬೆಂಕಿ ಉಗುಳುತ್ತದೆ. ನನ್ನ ಮಗಳು ಅಲ್ಲಿನ ಅಂಗಡಿಯ ಗಾಜಿನ ಮುಂದೆ ಮಂತ್ರದಂಡ ಹಿಡಿದು ನಿಂತಳು. ನೆಲದಲ್ಲಿ ಹಿತ್ತಾಳೆಯ ಗುರುತು ಇರುತ್ತದೆ, ದಂಡವನ್ನು ಹೇಗೆ ಆಡಿಸಬೇಕೆಂಬ ರೇಖೆ ಅದರಲ್ಲಿಯೇ ಇರುತ್ತದೆ. ಒಂದೆರಡು ಸಲ ಏನೂ ಆಗಲಿಲ್ಲ. ಪಕ್ಕದಲ್ಲಿ ನಿಂತಿದ್ದ ನಿಲುವಂಗಿಯ ಸಿಬ್ಬಂದಿ ಬಗ್ಗಿ, ಮಣಿಕಟ್ಟನ್ನು ಮಾತ್ರ ತಿರುಗಿಸು, ತೋಳನ್ನಲ್ಲ ಎಂದಳು. ಮರುಕ್ಷಣ ಗಾಜಿನೊಳಗಿನ ವಸ್ತು ಅಲುಗಾಡಿತು. ದಂಡದ ತುದಿ, ಕಿಟಕಿಯ ಕ್ಯಾಮೆರಾ, ಇನ್‌ಫ್ರಾರೆಡ್ ಎಂದೆಲ್ಲ ವಿವರಿಸಲು ಹೊರಟ ನನ್ನನ್ನು ಮಗಳು ಸುಮ್ಮನಿರಿಸಿದಳು.

ಹ್ಯಾರಿ ಪಾಟರ್ ಲೋಕದ ಮೊದಲ ಭಾಗ ಬಂದದ್ದು 2010ರ ಜೂನ್‌ನಲ್ಲಿ, ಯೂನಿವರ್ಸಲ್ ಕಂಪನಿಯದೇ ಪಕ್ಕದ ಪಾರ್ಕ್ ಐಲ್ಯಾಂಡ್ಸ್ ಆಫ್ ಅಡ್ವೆಂಚರ್‌ನಲ್ಲಿ. ಉದ್ಯಮದ ವಾರ್ಷಿಕ ಅಂದಾಜಿನಂತೆ ಆ ಪಾರ್ಕಿಗೆ 2009ರಲ್ಲಿ ಬಂದವರು ಸುಮಾರು 46 ಲಕ್ಷ, 2011ರಲ್ಲಿ 77 ಲಕ್ಷ. ಡಿಸ್ನಿ ಸುಮ್ಮನೆ ಕೂತಿತೇ? 2011ರಲ್ಲಿಯೇ ಅವತಾರ್ ಸಿನಿಮಾದ ಹಕ್ಕುಗಳಿಗೆ ಕೈಹಾಕಿತು, 2017ರಲ್ಲಿ ತೇಲುವ ಬೆಟ್ಟಗಳ ಪಂಡೋರಾ ತೆರೆಯಿತು. 2019ರಲ್ಲಿ ಸ್ಟಾರ್ ವಾರ್ಸ್‌ನ ಊರು ಬಂತು. ಯೂನಿವರ್ಸಲ್ ಅದೇ ವರ್ಷ ಹ್ಯಾರಿ ಪಾಟರ್ ಕತೆಯ ಹ್ಯಾಗ್ರಿಡ್‌ನ ಮೋಟಾರ್‌ಸೈಕಲ್ ರೈಡ್ ತಂದಿತು, 2021ರಲ್ಲಿ ವೆಲೋಸಿಕೋಸ್ಟರ್ ಎಂಬ, ಹಳಿಯ ಮೇಲೆ ಏರಿ ಧುಮುಕುವ ಕೋಸ್ಟರ್. ಡಿಸ್ನಿ ಮುಂದಿನ ಎರಡು ವರ್ಷಗಳಲ್ಲಿ ಗಾರ್ಡಿಯನ್ಸ್ ಮತ್ತು ಟ್ರಾನ್ ಎಂಬ ಎರಡು ದೊಡ್ಡ ಕೋಸ್ಟರ್ ಇಳಿಸಿತು. ಯೂನಿವರ್ಸಲ್ 2025ರ ಮೇ 22ರಂದು ಎಪಿಕ್ ಯೂನಿವರ್ಸ್ ಎಂಬ ಇಡೀ ಹೊಸ ಪಾರ್ಕನ್ನೇ ತೆರೆಯಿತು. ಡಿಸ್ನಿ ಹತ್ತು ವರ್ಷಗಳಲ್ಲಿ ತನ್ನ ಪಾರ್ಕು ಮತ್ತು ವಿಹಾರದ ಹಡಗುಗಳಿಗೆ 6,000 ಕೋಟಿ ಡಾಲರ್ ಸುರಿಯುತ್ತೇನೆ ಎಂದು 2023ರಲ್ಲಿಯೇ ಹೇಳಿಯಾಗಿದೆ. ಇವರು ಹೊಡೆದರೆ ಅವರು ಹೊಡೆಯುತ್ತಾರೆ, ಅವರು ಹೊಡೆದರೆ ಇವರು. ನಡುವೆ ನಿಂತ ನಮಗೆ ಪೆಟ್ಟಿಲ್ಲ, ಹಬ್ಬ.

ಶ್ರೇಯದಲ್ಲಿ ಅಭಿಮಾನಿಗಳ ಪಾಲೂ ದೊಡ್ಡದು. ಕಟೌಟಿಗೆ ಹಾಲೆರೆಯುವುದನ್ನು ನೋಡಿ ಬೆಳೆದ ನಮಗೆ ಅಭಿಮಾನಿ ಎಂದರೆ ಸ್ವಲ್ಪ ತಾತ್ಸಾರ. ಒರ್ಲಾಂಡೊದ ಅಭಿಮಾನಿ ಕಡತ ಓದುವ ಜಾತಿಯವನು. ಅಲ್ಲಿ ಹೊಸದೇನನ್ನಾದರೂ ಕಟ್ಟಬೇಕಾದರೆ ಮಳೆನೀರು ಎಲ್ಲಿ ಹರಿಯುತ್ತದೆ ಎಂದು ಸೌತ್ ಫ್ಲೋರಿಡಾ ವಾಟರ್ ಮ್ಯಾನೇಜ್‌ಮೆಂಟ್ ಡಿಸ್ಟ್ರಿಕ್ಟ್‌ಗೆ ನಕ್ಷೆ ಸಲ್ಲಿಸಬೇಕು. ಆ ನಕ್ಷೆ ಸಾರ್ವಜನಿಕ ದಾಖಲೆ. ಕಂಪನಿ ಬಾಯಿ ಬಿಡುವ ಮೊದಲೇ ಇವರು ಅದನ್ನು ಹೊರತೆಗೆದು, ಹಳಿ ಇಲ್ಲಿ ತಿರುಗುತ್ತದೆ, ಸಾಲು ಇಲ್ಲಿ ನಿಲ್ಲುತ್ತದೆ ಎಂದು ಗುರುತು ಹಾಕಿರುತ್ತಾರೆ. ಸಣ್ಣ ವಿಮಾನದಲ್ಲಿ ಹಾರಿ, ನಿನ್ನೆ ಎಷ್ಟು ಕಂಬ ಎದ್ದವು ಎಂದು ಫೋಟೊ ಹಿಡಿದು ಬರುವವರೂ ಇದ್ದಾರೆ. ಇಷ್ಟು ಕಣ್ಣುಗಳ ಮುಂದೆ ಕಳಪೆ ಕಟ್ಟಲು ಯಾರಿಗೆ ಧೈರ್ಯ?

ಟಿಕೆಟ್ ದುಬಾರಿಯಾಯಿತು ಎಂಬ ಗೋಳು ನಾನೂ ಕೇಳಿದ್ದೇನೆ. ಏರದೆ ಉಳಿದ ಬೆಲೆ ಯಾವುದಿದೆ, ಅವರೇ ಹೇಳಲಿ. ಒಹಾಯೊದಲ್ಲಿ ಯಾವುದೋ ಕೆರೆಯ ದಡದ ಪಾರ್ಕ್ ಮುಚ್ಚಿಹೋದ ಕತೆಯೂ ಎದುರಿನ ಲೇಖನದಲ್ಲಿ ಬರುತ್ತದೆ, ಬೇಕಾದರೆ ಪಣ ಕಟ್ಟುತ್ತೇನೆ. ಈ ವಾದ ಹೂಡುವವರೆಲ್ಲ ಆ ಕೆರೆಯಲ್ಲಿಯೇ ಮುಳುಗುತ್ತಾರೆ. ಅದು ಸಾಲದ ಕತೆ, ಸ್ಪರ್ಧೆಯದಲ್ಲ. ಇವರ ಮಾತು ಕೇಳಿದ್ದರೆ ನಾವೆಲ್ಲ ಇವತ್ತಿಗೂ ಒಂದು ಕುದುರೆ ತೊಟ್ಟಿಲು ಸುತ್ತಿ, ಐಸ್‌ಕ್ರೀಮ್ ನೆಕ್ಕಿ ಮನೆಗೆ ಬರಬೇಕಿತ್ತು.

ವಿರೋಧ: ಜಿದ್ದು ಅವರದು, ಜೇಬು ನಮ್ಮದು

ಈ ಪಕ್ಷ ನಾನು ಆರಿಸಿಕೊಂಡದ್ದಲ್ಲ. ಪರ ಬರೆಯಲು ಆಗಲೇ ಒಬ್ಬರು ಸಿಕ್ಕಿದ್ದಾರೆ, ನೀವು ವಿರೋಧ ಬರೆಯಿರಿ ಎಂದರು ಸಂಪಾದಕರು. ವೆಲೋಸಿಕೋಸ್ಟರ್ ಹತ್ತಿ ಇಳಿದ ಮನುಷ್ಯನಿಗೆ ಪೈಪೋಟಿ ಕೆಟ್ಟದ್ದು ಎಂದು ಬರೆಯುವುದು ಸುಲಭವಲ್ಲ. ಆದರೂ ಹೇಳಬೇಕಾದದ್ದು ಸ್ವಲ್ಪ ಇದೆ.

ಮೊದಲನೆಯದು ದುಡ್ಡು. ಎರಡು ಅಂಗಡಿ ಪಕ್ಕಪಕ್ಕ ಇದ್ದರೆ ಬೆಲೆ ಇಳಿಯಬೇಕು. ಒರ್ಲಾಂಡೊದಲ್ಲಿ ಇಳಿಯಲಿಲ್ಲ. ಜನಜಂಗುಳಿಯ ದಿನಗಳಲ್ಲಿ ಮ್ಯಾಜಿಕ್ ಕಿಂಗ್‌ಡಮ್‌ನ ಒಂದು ದಿನದ ಟಿಕೆಟ್ 200 ಡಾಲರ್ ಆಸುಪಾಸಿಗೆ ಬಂದಿದೆ. ಡಿಸ್ನಿ 1999ರಲ್ಲಿ ತಂದ ಫಾಸ್ಟ್‌ಪಾಸ್ ಪುಕ್ಕಟೆಯಾಗಿತ್ತು. ಚೀಟಿ ತೆಗೆದುಕೊಂಡು ಬೇರೆ ಕಡೆ ತಿರುಗಾಡಿ, ಹೇಳಿದ ಹೊತ್ತಿಗೆ ಬಂದರೆ ಸಾಲಿಲ್ಲದೆ ಒಳಗೆ ಬಿಡುತ್ತಿದ್ದರು. ಸಾಲು ತಪ್ಪಿಸಲು ದುಡ್ಡು ತೆಗೆದುಕೊಳ್ಳುವ ಪದ್ಧತಿ ಪಕ್ಕದ ಯೂನಿವರ್ಸಲ್‌ನಲ್ಲಿ ಇತ್ತು. 2021ರಲ್ಲಿ ಡಿಸ್ನಿಯೂ ಅದನ್ನೇ ಶುರುಮಾಡಿತು. 2024ರ ಕೊನೆಗೆ ಬಂದ ಪ್ರೀಮಿಯರ್ ಪಾಸ್‌ಗೆ ಕೆಲವು ದಿನ ತಲೆಗೆ 449 ಡಾಲರ್, ಅದೂ ಪ್ರವೇಶದ ಟಿಕೆಟ್ ಬಿಟ್ಟು. ಪಕ್ಕದವನಿಂದ ಬೇಗ ಕಲಿಯುವುದು ಇಂಥದ್ದನ್ನೇ.

ಎರಡನೆಯದು, ಪೈಪೋಟಿ ಹೊಸದನ್ನು ಕಟ್ಟಿಸುತ್ತದೆ, ಹಳೆಯದನ್ನು ರಿಪೇರಿ ಮಾಡಿಸುವುದಿಲ್ಲ. ಡಿಸ್ನಿಯ ಅನಿಮಲ್ ಕಿಂಗ್‌ಡಮ್‌ನಲ್ಲಿ 2006ರಲ್ಲಿ ಎಕ್ಸ್‌ಪೆಡಿಷನ್ ಎವರೆಸ್ಟ್ ಎಂಬ ರೈಡ್ ತೆರೆದಾಗ ಅದರೊಳಗಿನ ದೈತ್ಯ ಹಿಮಮಾನವ ಯೇತಿ ಕೈಬೀಸಿ ರೈಲಿನತ್ತ ಎರಗುತ್ತಿತ್ತು. ಸ್ವಲ್ಪ ಕಾಲದಲ್ಲಿಯೇ ಅದು ನಿಂತುಹೋಯಿತು. ಅಲುಗಾಡುತ್ತಿರುವಂತೆ ಕಾಣಲಿ ಎಂದು ಮಿಣಮಿಣ ದೀಪ ಬಿಟ್ಟರು. ಅಭಿಮಾನಿಗಳು ಅದಕ್ಕೆ ಡಿಸ್ಕೊ ಯೇತಿ ಎಂದು ಹೆಸರಿಟ್ಟು ವರ್ಷಗಟ್ಟಲೆ ಕೂಗಿದರು, ಟಿ-ಶರ್ಟ್ ಹೊಲಿಸಿದರು. ಅಷ್ಟರಲ್ಲಿ ಕೋಟಿಗಟ್ಟಲೆ ಡಾಲರಿನ ಹೊಸ ಊರುಗಳು ಎದ್ದವು, ಯೇತಿಯ ಕೈ ಮಾತ್ರ ಏಳಲಿಲ್ಲ. ಕಡತ ಓದುವ ಅಭಿಮಾನಿಗಳ ಬಲ ಇಷ್ಟೇ.

ಇನ್ನು ಒಹಾಯೊ. ಬಿಡಲಾರೆ, ಏಕೆಂದರೆ ಒರ್ಲಾಂಡೊದಲ್ಲಿ ಹೆದ್ದಾರಿ ನಡುವಿದೆ, ಅಲ್ಲಿ ನಡುವೆ ಇದ್ದದ್ದು ಬರಿಯ ಕೆರೆ. ಒಂದು ದಡದಲ್ಲಿ ಹತ್ತೊಂಬತ್ತನೆಯ ಶತಮಾನದಿಂದ ಇದ್ದ ಜಿಯಾಗಾ ಲೇಕ್ ಪಾರ್ಕ್, ಅದರಲ್ಲಿ 1925ರ ಬಿಗ್ ಡಿಪ್ಪರ್ ಎಂಬ ಮರದ ಕೋಸ್ಟರ್. ಎದುರು ದಡದಲ್ಲಿ 1970ರಿಂದ ಸೀವರ್ಲ್ಡ್. ಇವರಲ್ಲಿ ಕೋಸ್ಟರ್, ಅವರಲ್ಲಿ ತಿಮಿಂಗಿಲ. ಮೂವತ್ತು ವರ್ಷ ಎರಡೂ ಬದುಕಿದವು. 2000ದಲ್ಲಿ ಜಿಯಾಗಾ ಲೇಕ್‌ಗೆ ಸಿಕ್ಸ್ ಫ್ಲ್ಯಾಗ್ಸ್ ಎಂಬ ಪಾರ್ಕ್ ಕಂಪನಿಯ ಹೆಸರು ಬಂತು, ಒಂದೇ ಏಟಿಗೆ ನಾಲ್ಕು ಹೊಸ ಕೋಸ್ಟರ್ ಬಂದವು. ಮರುವರ್ಷ ಎದುರು ದಡವನ್ನೂ ಕೊಂಡು ಎರಡನ್ನೂ ಒಂದು ಮಾಡಿದರು. 2004ರಲ್ಲಿ ಅದೇ ರಾಜ್ಯದ ಸೀಡರ್ ಪಾಯಿಂಟ್ ಪಾರ್ಕಿನ ಒಡೆಯರಾದ ಸೀಡರ್ ಫೇರ್ ಕಂಪನಿ 14.5 ಕೋಟಿ ಡಾಲರಿಗೆ ಅದನ್ನು ಕೊಂಡಿತು. ಕಡಲ ಪ್ರಾಣಿಗಳು ಬೇರೆ ಊರಿಗೆ ಹೋದವು. 2007ರ ಸೀಸನ್ ಮುಗಿದ ಮೇಲೆ, ರೈಡುಗಳ ಕಡೆ ಇನ್ನು ತೆರೆಯುವುದಿಲ್ಲ ಎಂದು ಪ್ರಕಟಿಸಿದರು. ಕೊನೆಯ ಸಲ ಹತ್ತುತ್ತಿದ್ದೇವೆ ಎಂಬುದೇ ಜನರಿಗೆ ಗೊತ್ತಿರಲಿಲ್ಲ. ನೀರಾಟದ ಭಾಗ 2016ರವರೆಗೆ ನಡೆಯಿತು, ಬಿಗ್ ಡಿಪ್ಪರನ್ನೂ ಆ ವರ್ಷವೇ ಕೆಡವಿದರು. ಸಾಲ ಇತ್ತು, ನಿಜ. ಆ ಸಾಲ ಮಾಡಿದ್ದು ಯಾವ ಚಪಲಕ್ಕೆ ಎಂದು ಕೇಳಬೇಡವೇ?

ನನ್ನ ನಿಜವಾದ ತಕರಾರು ಇದ್ಯಾವುದೂ ಅಲ್ಲ, ನನ್ನ ಭಾವ. ಹಾಸನದಿಂದ ಅಮ್ಮ ಬಂದಾಗ ನಾವು ಒರ್ಲಾಂಡೊ ಪಕ್ಕದ ಕಿಸ್ಸಿಮ್ಮಿಯಲ್ಲಿ ಮನೆ ಬಾಡಿಗೆಗೆ ಹಿಡಿದಿದ್ದೆವು. ಭಾವ ಡಿಸ್ನಿಯ ಕಟ್ಟಾಳು, ಅವರ ಮಗ ಯೂನಿವರ್ಸಲ್. ಬೆಳಗಿನ ಕಾಫಿಗೆ ಶುರುವಾದ ಚರ್ಚೆ ಕಾರಿನಲ್ಲಿಯೂ ನಿಲ್ಲಲಿಲ್ಲ. ಪಾರ್ಕಿನೊಳಗೆ, ಒಂದು ರೈಡಿನ ಸಾಲಿನಲ್ಲಿ ನಿಂತುಕೊಂಡು, ಮೊಬೈಲಿನಲ್ಲಿ ಇನ್ನೊಂದು ಪಾರ್ಕಿನ ಸಾಲು ಎಷ್ಟು ನಿಮಿಷ ಎಂದು ನೋಡಿ ಹೀಯಾಳಿಸುವುದನ್ನು ನೀವು ಕಂಡಿದ್ದೀರಾ? ನಾನು ಕಂಡೆ. ಯಾವ ಪಾರ್ಕ್ ಎಂದು ಬರೆಯುವುದಿಲ್ಲ, ಬರೆದರೆ ಮನೆಯಲ್ಲಿ ಮತ್ತೆ ಶುರುವಾಗುತ್ತದೆ.

ಅಮ್ಮ ಬೆಳಗಿನ ಜಾವ ಎದ್ದು ಪುಳಿಯೋಗರೆ ಕಲಸಿದ್ದರು. ಅದನ್ನು ಒಳಗೆ ಬಿಡುತ್ತಾರೋ ಇಲ್ಲವೋ ಎಂದು ಕೇಳಿದರೆ, ಪ್ರತಿ ಕೋಸ್ಟರಿನ ಎತ್ತರವನ್ನು ಅಡಿಗಳಲ್ಲಿ ಹೇಳುವ ಹುಡುಗನಿಗೂ ಗೊತ್ತಿಲ್ಲ, ಅವನ ಅಪ್ಪನಿಗೂ ಗೊತ್ತಿಲ್ಲ. (ಡಿಸ್ನಿಯಲ್ಲಿ ಬಿಡುತ್ತಾರೆ, ಗಾಜಿನ ಡಬ್ಬಿ ಇರಬಾರದು, ಬಿಸಿ ಮಾಡಿಕೊಡಿ ಎನ್ನಬಾರದು. ಯೂನಿವರ್ಸಲ್‌ನಲ್ಲಿ ಸಣ್ಣಪುಟ್ಟ ತಿಂಡಿ ಮಾತ್ರ.) ಮಧ್ಯಾಹ್ನ ಎರಡರ ಹೊತ್ತಿಗೆ ಬಿಸಿಲು ನೆತ್ತಿ ಸುಡುತ್ತಿತ್ತು. ಭಾವ ಮುಂದಿನ ರೈಡಿನ ಮಹಿಮೆ ವರ್ಣಿಸುತ್ತಿದ್ದರು. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, “ಅಳಿಯಂದಿರೇ, ನೆರಳಿನಲ್ಲಿ ಕೂರಲು ಒಂದು ಕಟ್ಟೆ ಎಲ್ಲಿದೆ, ಅದನ್ನು ಮೊದಲು ಹೇಳಿ” ಎಂದರು. ಭಾವ ಮೊಬೈಲಿನ ನಕ್ಷೆ ಹಿಗ್ಗಿಸಿ ನೋಡಿದರು. ಅದರಲ್ಲಿ ಅಂಗಡಿ ಇತ್ತು, ಶೌಚಾಲಯ ಇತ್ತು, ಗೊಂಬೆ ವೇಷದವರ ಜೊತೆ ಫೋಟೊ ತೆಗೆಸುವ ಜಾಗ ಇತ್ತು. ಕಟ್ಟೆ ಇರಲಿಲ್ಲ.

ನೆರಳಿಗಾಗಿ, ಕೂರುವ ಜಾಗಕ್ಕಾಗಿ ಯಾವ ಅಭಿಮಾನಿಯೂ ಎದುರು ಪಾರ್ಕಿನವನ ಜೊತೆ ಜಗಳ ಆಡುವುದಿಲ್ಲ. ಆದ್ದರಿಂದ ಯಾವ ಕಂಪನಿಯೂ ಅದರಲ್ಲಿ ಗೆಲ್ಲಲು ಹೋಗುವುದಿಲ್ಲ. ಎಲ್ಲರೂ ಹಾಡಿ ಹೊಗಳಿದ ಎಪಿಕ್ ಯೂನಿವರ್ಸ್‌ನಲ್ಲಿಯೂ ಮೊದಲ ಬೇಸಿಗೆಯಲ್ಲಿ ಕೇಳಿಬಂದ ದೊಡ್ಡ ದೂರು ನೆರಳು ಸಾಲದು ಎಂಬುದೇ.

ಅಮ್ಮ ಮತ್ತೆ ಬರುವವರಿದ್ದಾರೆ. ಈ ಸಲ ಒಂದು ಗಂಟೆ ಪೂರ್ವಕ್ಕೆ ಕಾರು ಓಡಿಸಿ ಕೆನಡಿ ಬಾಹ್ಯಾಕಾಶ ಕೇಂದ್ರ ತೋರಿಸೋಣ ಎಂದಿದ್ದೇನೆ. ಅದಕ್ಕೆ ಪಕ್ಕದಲ್ಲಿ ಎದುರಾಳಿ ಯಾರೂ ಇಲ್ಲ, ಭಾವನಿಗೆ ಮಾತಾಡಲು ವಿಷಯವಿರುವುದಿಲ್ಲ.