ತಲಪಾಡಿ ದಾಟಿದರೆ ಐದು ವರ್ಷ ಕಟ್

ಪೇಪರಿನಲ್ಲಿ ಮೊನ್ನೆ ಪುನಃ ಬಂದಿತ್ತು. ಭಾರತೀಯರ ಸರಾಸರಿ ಆಯುಷ್ಯ ಎಪ್ಪತ್ತಕ್ಕೆ ಮುಟ್ಟಿದೆ, ಕೇರಳದವರದ್ದು ಎಪ್ಪತ್ತೈದು. ನೀವೂ ಓದಿದ್ದೀರಿ, ಓದಿ ಮಡಚಿಟ್ಟು ಚಾ ಕುಡಿದಿದ್ದೀರಿ. ನನ್ನಿಂದ ಮಡಚಲಿಕ್ಕೆ ಆಗಲಿಲ್ಲ. ಗಡಿನಾಡಿನವನ ತೊಂದರೆಯೇ ಅದು. ಎರಡು ರಾಜ್ಯಗಳ ಅಂಕಿಗಳನ್ನು ಅಕ್ಕಪಕ್ಕ ಹಾಕಿದರೆ ನಮಗೆ ತಲೆಬಿಸಿ ಶುರುವಾಗುತ್ತದೆ. 2016-20ರ ಲೆಕ್ಕದಲ್ಲಿ ಕೇರಳ 75, ಕರ್ನಾಟಕ ಎಪ್ಪತ್ತರ ಹೊಸ್ತಿಲಲ್ಲಿ. ಅಂದರೆ ಕೇರಳದ ಮಂಜೇಶ್ವರದಲ್ಲಿ ಬಸ್ಸು ಹತ್ತುವಾಗ ನನ್ನ ಆಯುಷ್ಯ ಎಪ್ಪತ್ತೈದು. ಗಡಿಯ ತಲಪಾಡಿ ದಾಟಿ ಕರ್ನಾಟಕಕ್ಕೆ ಕಾಲಿಟ್ಟದ್ದೇ ಐದು ವರ್ಷ ಕಟ್. ಅಲ್ಲಿ ಗಾಡಿಗಳಿಗೆ ಟೋಲ್ ಉಂಟು ಅಂತ ಗೊತ್ತಿತ್ತು, ಬಸ್ಸಿನಲ್ಲಿ ನೇತಾಡುವವನಿಗೂ ಉಂಟು ಅಂತ ಗೊತ್ತಿರಲಿಲ್ಲ.

ಇದೀಗ ನನಗೆ ಚರಿತ್ರೆಯೂ ಹೊಸದಾಗಿ ಅರ್ಥವಾಗತೊಡಗಿದೆ. 1956ರ ನವೆಂಬರ್ 1ಕ್ಕೆ ಕಾಸರಗೋಡಿನ ನಮ್ಮನ್ನು ಕೇರಳಕ್ಕೆ ಸೇರಿಸಿದಾಗ ಅಜ್ಜಂದಿರು ಎದೆ ಬಡಿದುಕೊಂಡರು. 1967ರಲ್ಲಿ ಗಡಿ ತಕರಾರು ನೋಡಿದ ಮಹಾಜನ ಆಯೋಗ, ಚಂದ್ರಗಿರಿ ಹೊಳೆಯ ಬಡಗು ಭಾಗವೆಲ್ಲ ಕರ್ನಾಟಕದ ಕಡೆ ಹೋಗಲಿ ಅಂದಿತು. ದಿಲ್ಲಿಯವರು ವರದಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ನಾವು ಐವತ್ತು ವರ್ಷಕ್ಕೂ ಮೇಲೆ ಅವರನ್ನು ಬೈದೆವು. ಪಾಪ, ಅವರು ನಮ್ಮ ಐದೈದು ವರ್ಷ ಉಳಿಸಿದವರು ಮಾರಾಯ್ರೆ! ವಿಲೀನಕ್ಕಾಗಿ ಕೊನೆತನಕ ದನಿಯೆತ್ತಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು 1915ರಲ್ಲಿ ಹುಟ್ಟಿ 2015ರಲ್ಲಿ ನೂರು ತುಂಬಿಸಿಯೇ ಹೋದರು. ಕರ್ನಾಟಕ ಬೇಕು ಬೇಕು ಎನ್ನುತ್ತಲೇ ಕೇರಳದ ಆಯುಷ್ಯವನ್ನು ಬಡ್ಡಿ ಸಮೇತ ವಸೂಲು ಮಾಡಿದವರು ಅವರೊಬ್ಬರೇ ಇರಬೇಕು.

ಇಷ್ಟು ಹೇಳುವಾಗ ಅಳಿಯ ನಡುವೆ ಬಾಯಿ ಹಾಕಿದ. ಅವನು ಅಂಕಿಸಂಖ್ಯೆ ಓದಿದವನು. “ಮಾವ, ಅದು ಹುಟ್ಟುವಾಗಿನ ಲೆಕ್ಕ. 1970-75ರಲ್ಲಿ ದೇಶದ ಸರಾಸರಿ 49.7 ಇತ್ತು. ಆಗೆಲ್ಲ ಐವತ್ತಕ್ಕೆ ಸಾಯುತ್ತಿದ್ದರು ಅಂತ ಅಲ್ಲ, ಶಿಶುಗಳು ಸಾಯುತ್ತಿದ್ದವು, ಅದಕ್ಕೆ ಸರಾಸರಿ ಕೆಳಗಿತ್ತು. ಈಗ ಎಪ್ಪತ್ತಕ್ಕೆ ಮುಟ್ಟಿದವನಿಗೆ ಇನ್ನೂ ಹತ್ತು ಹನ್ನೊಂದು ವರ್ಷ ಉಂಟು.” ಮಾತು ಸರಿಯೇ. ಶಿಶುಗಳು ಬದುಕಿದ್ದು ಈ ದೇಶ ಮಾಡಿದ ದೊಡ್ಡ ಕೆಲಸ, ಅದರಲ್ಲಿ ನನಗೆ ತಮಾಷೆ ಇಲ್ಲ. ಆದರೆ ಸರಾಸರಿ ಎಂಬ ಶಬ್ದದ ಮೇಲೆ ಅಡಿಕೆ ತೋಟ ಇರುವವನಿಗೆ ನಂಬಿಕೆ ಬರುವುದು ಕಷ್ಟ. ಸರಾಸರಿ ಮಳೆ ಬಿದ್ದಿದೆ ಅಂತ ಹವಾಮಾನದವರು ಹೇಳಿದ ವರ್ಷವೇ ನಮಗೆ ಕೊಳೆರೋಗ ಬಂದದ್ದು. ಎಲ್ಲ ಮಳೆಯೂ ಜುಲೈಯಲ್ಲಿ ಒಟ್ಟಿಗೆ ಸುರಿದಿತ್ತು. ಸರಾಸರಿ ಸರಿಯಾಗಿಯೇ ಇತ್ತು, ಅಡಿಕೆ ಮಾತ್ರ ನೆಲದಲ್ಲಿತ್ತು.

ಬದುಕಿದ್ದೇವೆ ಅಂತ ಪೇಪರಿನವರು ಹೇಳಿದರೆ ಸಾಕಾಗುವುದಿಲ್ಲ, ನಾವೇ ರುಜು ಮಾಡಬೇಕು. ನಮ್ಮ ದೊಡ್ಡಮ್ಮನಿಗೆ ಎಂಬತ್ತೊಂದು. ದೊಡ್ಡಪ್ಪ ಕನ್ನಡ ಶಾಲೆಯಲ್ಲಿ ಮಾಷ್ಟ್ರಾಗಿದ್ದರು, ಫ್ಯಾಮಿಲಿ ಪೆನ್ಶನ್ ಬರುತ್ತದೆ. ವರ್ಷಕ್ಕೊಮ್ಮೆ ಜೀವಂತ ಇದ್ದೇನೆ ಎಂಬ ಸರ್ಟಿಫಿಕೇಟು ಟ್ರೆಷರಿಗೆ ಮುಟ್ಟಬೇಕು. 2014ರಿಂದ ‘ಜೀವನ್ ಪ್ರಮಾಣ್’ ಎಂಬ ಡಿಜಿಟಲ್ ವ್ಯವಸ್ಥೆ ಬಂದಿದೆ, ಬಹಳ ಸುಲಭ, ಬೆರಳು ಒತ್ತಿದರೆ ಆಯಿತು. ರಿಕ್ಷಾ ಮಾಡಿ, ಸರಕಾರಿ ಆನ್‌ಲೈನ್ ಕೆಲಸ ಮಾಡಿಕೊಡುವ ಅಕ್ಷಯ ಕೇಂದ್ರಕ್ಕೆ ಹೋದೆವು. ಅಲ್ಲಿ ಕ್ಷೇಮ ಪೆನ್ಶನಿನ ಮಸ್ಟರಿಂಗಿಗೆ, ಅಂದರೆ ಬದುಕಿದ್ದೇವೆ ಅಂತ ತೋರಿಸಲಿಕ್ಕೆ, ಬಂದವರ ಸಾಲು ಜಗಲಿಯಿಂದ ಇಳಿದು ಮಾರ್ಗದವರೆಗೆ. ಎಲ್ಲರೂ ಬದುಕಿದ್ದಾರೆ ಅಂತ ಕಣ್ಣಿಗೇ ಕಾಣುತ್ತಿತ್ತು, ಕೆಮ್ಮುತ್ತಿದ್ದರು.

ದೊಡ್ಡಮ್ಮನ ಸರದಿ ಬಂತು. ಮಷೀನು ಬೆರಳು ಒಪ್ಪಲಿಲ್ಲ. ಬಲಗೈಯ ಐದು, ಎಡಗೈಯ ಐದು, ಸೆರಗಿನಲ್ಲಿ ಒರೆಸಿ ಪುನಃ ಹತ್ತು. ಅರುವತ್ತು ವರ್ಷ ಅಡಿಕೆ ಸುಲಿದ ಬೆರಳಿನಲ್ಲಿ ಗೆರೆ ಎಲ್ಲಿಂದ ಬರಬೇಕು? ಮುಖ ತೋರಿಸಿದರೂ ಆಗುತ್ತದೆ ಅಂದ ಹುಡುಗ ಮೊಬೈಲು ಹಿಡಿದು, “ಕಣ್ಣ್ ಚಿಮ್ಮ್ ಅಮ್ಮೂಮ್ಮಾ, ಕಣ್ಣ್ ಚಿಮ್ಮ್” ಅಂದ. ದೊಡ್ಡಮ್ಮನಿಗೆ ಮಲಯಾಳ ಬಾರದು. ನನ್ನ ಮುಖ ನೋಡಿದರು. “ಕಣ್ಣು ಮಿಟುಕಿಸಬೇಕಂತೆ” ಅಂದೆ. “ಯಾರಿಗೆ?” ಅಂದರು. “ಆ ಹುಡುಗನಿಗೆ.” ದೊಡ್ಡಮ್ಮ ಸೆರಗು ಸರಿಮಾಡಿಕೊಂಡರು. “ಎಂಬತ್ತೊಂದು ಆಯಿತು ನನಗೆ. ನಿನ್ನ ದೊಡ್ಡಪ್ಪನಿಗೇ ಮಿಟುಕಿಸಿದವಳಲ್ಲ.”

ಕೊನೆಗೆ ಪೊರೆಯ ಆಪರೇಶನ್ ಆದ ಕಣ್ಣಿಗೆ ಎದುರಿನ ಬೆಳಕು ಚುಚ್ಚಿ ತಾನಾಗಿಯೇ ರೆಪ್ಪೆ ಬಡಿಯಿತು, ಮಷೀನು ‘ಜೀವಂತ’ ಅಂತ ಒಪ್ಪಿತು. ಪುಣ್ಯ. ರಾಜ್ಯದ ಸರಾಸರಿಗಿಂತ ಆರು ವರ್ಷ ಹೆಚ್ಚು ಬದುಕಿದ ಅಪರಾಧಕ್ಕೆ ಅವರಿಗೆ ಸಿಕ್ಕಿದ್ದು ಬರೇ ಮೂರು ಗಂಟೆಯ ಶಿಕ್ಷೆ.

ಬದುಕಲಿಕ್ಕೆ ಇಷ್ಟು ದಾಖಲೆ ಬೇಕಾದರೆ ಸಾಯಲಿಕ್ಕೆ ಎಷ್ಟು ಬೇಕಾದೀತು ಅಂತ ನೀವು ಹೆದರಬಹುದು. ಹೆದರಬೇಡಿ. ಅಲ್ಲಿ ಸರಕಾರ ಬಹಳ ಉದಾರಿ. ದೇಶದಲ್ಲಿ 2020ರಲ್ಲಿ ನೋಂದಾವಣೆಯಾದ ಸಾವುಗಳಲ್ಲಿ ಡಾಕ್ಟರು ಕಾರಣ ಬರೆದು ಕೊಟ್ಟದ್ದು ಶೇ. 22.5ಕ್ಕೆ ಮಾತ್ರ. ಉಳಿದವರು ಎಂತ ಆಗಿ ಸತ್ತರು ಎಂಬುದಕ್ಕೆ ಡಾಕ್ಟರರ ಅಕ್ಷರದ ಕಾಗದವೇ ಇಲ್ಲ. ಕೆಲವು ಮನೆಗಳಿಗೆ ಗಣತಿಯವರು ಹೋಗಿ “ಜ್ವರ ಇತ್ತಾ, ಎದೆನೋವು ಇತ್ತಾ” ಅಂತ ಕೇಳಿ ಬರೆದುಕೊಳ್ಳುತ್ತಾರೆ. ಆಮೇಲೆ ಎಲ್ಲೋ ಕೂತ ಡಾಕ್ಟರು ಅದನ್ನು ಓದಿ ಇಂಥದ್ದೇ ರೋಗ ಅಂತ ತೀರ್ಮಾನ ಮಾಡುತ್ತಾರೆ. ಬದುಕಿದ್ದಾಗ ಒಬ್ಬ ಸ್ಪೆಷಲಿಸ್ಟನ ಮುಖ ಕಾಣದವನ ಕಡತವನ್ನು ಸತ್ತ ಮೇಲೆ ಡಾಕ್ಟರು ಪುರುಸೊತ್ತಿನಲ್ಲಿ ಓದುತ್ತಾರೆ. ಹಾಗೆ ಕೂಡಿಸಿದ ಲೆಕ್ಕದಲ್ಲಿ ಸಾವಿನ ಮೊದಲನೇ ಕಾರಣ ಹೃದಯ ಮತ್ತು ರಕ್ತನಾಳದ ಕಾಯಿಲೆ, ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ.

ಡಾಕ್ಟರು ಬರೆಯುವ ಫಾರ್ಮ್ ಕೂಡ ಒಂದು ಕಾವ್ಯ. ‘ಸಾವಿಗೆ ಕಾರಣವಾದ ರೋಗ ಬರೆಯಿರಿ, ಹೃದಯ ನಿಂತದ್ದು ಇತ್ಯಾದಿ ಸಾಯುವ ರೀತಿಯನ್ನು ಬರೆಯಬೇಡಿ’ ಎಂಬ ಅರ್ಥದ ಸೂಚನೆ ಅದರಲ್ಲೇ ಅಚ್ಚಾಗಿದೆ. ಅದರ ಮೇಲೆಯೇ ‘ಹೃದಯ ಮತ್ತು ಶ್ವಾಸ ಸ್ತಂಭನ’ ಅಂತ ಬರೆದು ಸಹಿ ಹಾಕುವುದು ಒಂದು ಸಂಪ್ರದಾಯ. ಹೃದಯವೂ ಉಸಿರೂ ನಿಲ್ಲದೆ ಸತ್ತವರನ್ನು ನಾನಂತೂ ನೋಡಿಲ್ಲ, ನಮ್ಮಲ್ಲಿ ಹಾಗೆ ಇರುವವರು ರಾಜಕೀಯದಲ್ಲಿ ಮಾತ್ರ.

ಕಾರಣ ಬರೆಯುವ ವಿಷಯ ಬಂದರೆ ನಮ್ಮ ಜಿಲ್ಲೆಯ ಎಣ್ಮಕಜೆಯ ಪಡ್ರೆ ಕಡೆಯವರ ಹತ್ತಿರ ಕೇಳಿ. ಗೇರು ತೋಟದ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು ಒಂದು ವರ್ಷ ಅಲ್ಲ, ಎರಡು ದಶಕ, 2000ದ ತನಕ. ಹುಟ್ಟಿದ ಕೆಲವು ಮಕ್ಕಳ ತಲೆ ದೇಹಕ್ಕಿಂತ ದೊಡ್ಡದಾಯಿತು. ಕಾರಣ ಅದೇ ಹೌದಾ ಅಲ್ಲವಾ ಅಂತ ಸಮಿತಿಯ ಮೇಲೆ ಸಮಿತಿ ಬಂದು ಎಳನೀರು ಕುಡಿದು ಹೋಯಿತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ತಲಾ ಐದು ಲಕ್ಷ ಮೂರು ತಿಂಗಳಲ್ಲಿ ಕೊಡಿ ಅಂದಿತು. ಐದು ವರ್ಷ ಕಳೆದು ಅದೇ ಕೋರ್ಟು ನೋಡಿದಾಗ ಹಣ ಸಿಕ್ಕಿದ್ದು ಪುನಃ ಕೋರ್ಟಿನ ಮೆಟ್ಟಿಲು ಹತ್ತಿದ ಎಂಟು ಮಂದಿಗೆ. ಎಂಟು. ಇದರಲ್ಲಿ ನಗಿಸುವುದು ಎಂತ ಉಂಟು ಅಂತ ನಾನೂ ಹುಡುಕಿದೆ, ಸಿಗಲಿಲ್ಲ.

ಅಡಿಕೆಯ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನಮ್ಮ ಕಡೆ ಎಲ್ಲ ವಿಷಯವೂ ಅಲ್ಲಿಗೇ ಬರುತ್ತದೆ. ಮನೆ ಕಟ್ಟಿದ್ದು ಅಡಿಕೆಯಿಂದ, ಮಗಳ ಮದುವೆ ಅಡಿಕೆಯಿಂದ, ಡಾಕ್ಟರರ ಫೀಸು ಅಡಿಕೆಯಿಂದ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದವರು 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ಒಂದನೇ ಗುಂಪಿಗೆ ಸೇರಿಸಿದ್ದಾರೆ. ನಮ್ಮಲ್ಲಿ ಸಭೆಗಳಲ್ಲಿ ಇದನ್ನು ಗಟ್ಟಿಯಾಗಿ ಹೇಳುವ ಹಾಗಿಲ್ಲ, ಹೇಳಿದವನಿಗೆ ಊಟದಲ್ಲಿ ಪಾಯಸ ಕಡಿಮೆ ಬೀಳುತ್ತದೆ. ನಾವು ಬೆಳೆಯುತ್ತೇವೆ, ಉತ್ತರದವರು ಗುಟ್ಕಾದಲ್ಲಿ ಜಗಿಯುತ್ತಾರೆ, ಅವರ ಬಾಯಿಗೆ ಆದದ್ದರಿಂದ ನಮ್ಮ ಎದೆಗೆ ಚಿಕಿತ್ಸೆ. ದೇಶದ ಏಕತೆ ಅಂತ ಶಾಲೆಯಲ್ಲಿ ಕಲಿಸಿದ್ದು ಇದೇ ಇರಬೇಕು.

ಎದೆ ಅಂದೆನಲ್ಲ. ನಮ್ಮ ಬಾವನಿಗೆ, ತಂಗಿಯ ಗಂಡನಿಗೆ, ಹೋದ ಮಳೆಗಾಲದಲ್ಲಿ ಎದೆ ಹಿಡಿಯಿತು. ಅರುವತ್ತಮೂರು ಪ್ರಾಯ. ಕಾರಿನಲ್ಲಿ ಹಾಕಿ ಸೀದಾ ಮಂಗಳೂರು. ಮದ್ದು ಲೇಪಿಸಿದ ಸ್ಟೆಂಟಿನ ರೇಟನ್ನು ಕೇಂದ್ರ ಸರಕಾರ 2017ರ ಫೆಬ್ರವರಿಯಲ್ಲೇ 29,600 ರೂಪಾಯಿಗೆ ಕಟ್ಟಿಹಾಕಿತ್ತು, ಆಮೇಲೆ ಸ್ವಲ್ಪ ಏರಿದೆ. ನಾನು ಅದನ್ನು ನೆನಪಿಟ್ಟುಕೊಂಡು ಧೈರ್ಯವಾಗಿ ಕೌಂಟರಿಗೆ ಹೋದೆ. ಬಿಲ್ಲು ಎರಡು ಲಕ್ಷ ಹನ್ನೊಂದು ಸಾವಿರ. ಸ್ಟೆಂಟು ಕಾನೂನು ಪ್ರಕಾರವೇ ಇತ್ತು, ಒಂದು ರೂಪಾಯಿ ಹೆಚ್ಚಿಲ್ಲ. ಅದರ ಕೆಳಗೆ ಕಾನೂನಿಗೆ ಹೆದರದ ಸಾಮಾನುಗಳ ಮೆರವಣಿಗೆ. ಗ್ಲೌಸ್ 46 ಜೊತೆ. ಬಾವನಿಗೆ ಇರುವುದು ಎರಡು ಕೈ, ಡಾಕ್ಟರಿಗೂ ಎರಡೇ. ಆರೋಗ್ಯ ಕಾರ್ಡು ತೋರಿಸಿದೆ. ಕೌಂಟರಿನ ಹುಡುಗಿ ಅದನ್ನು ಆಚೆ ಈಚೆ ತಿರುಗಿಸಿ ನೋಡಿ, “ಇದು ಇಲ್ಲಿ ನಡಿಯುದಿಲ್ಲ ಅಂಕಲ್” ಅಂತ ತುಂಬ ಮರ್ಯಾದೆಯಿಂದ ವಾಪಸು ಕೊಟ್ಟಳು. ತಂಗಿಯ ಕರಿಮಣಿಯೊಂದು ಬಿಟ್ಟು ಉಳಿದ ಚಿನ್ನ ಅಡವಿಗೆ ಹೋಯಿತು, ಸೊಸೈಟಿಯಿಂದ ಸಾಲ ಬಂತು.

2022-23ರಲ್ಲಿ ದೇಶದ ಮನೆಮನೆಯ ಹಣಕಾಸು ಉಳಿತಾಯ, ಸಾಲ ಕಳೆದ ಮೇಲೆ, ಜಿಡಿಪಿಯ ಶೇ. ಐದರ ಹತ್ತಿರಕ್ಕೆ ಇಳಿದಿತ್ತು. ಹಲವು ದಶಕಗಳಲ್ಲೇ ಕಡಿಮೆ. ಆಗ ಹಣಕಾಸು ಸಚಿವಾಲಯದವರು ಹೆದರಬೇಕಾದ್ದಿಲ್ಲ, ಜನ ಮನೆ ಮತ್ತು ವಾಹನಕ್ಕೆ ಸಾಲ ಮಾಡುತ್ತಿದ್ದಾರೆ, ಅಂದರೆ ಭವಿಷ್ಯದ ಮೇಲೆ ಭರವಸೆ ಉಂಟು ಅಂತ ಸಮಾಧಾನ ಹೇಳಿದರು. ನಮ್ಮ ಬಾವನೂ ಭರವಸೆಯಿಂದಲೇ ಸಾಲ ಮಾಡಿದ್ದು. ಅವನು ಹತ್ತಿದ ವಾಹನ ಮಾತ್ರ ಸ್ಟ್ರೆಚರು. ಆರೋಗ್ಯಕ್ಕೆ ಜನ ಸ್ವಂತ ಕಿಸೆಯಿಂದ ಹಾಕುವ ಪಾಲು 2021-22ರಲ್ಲಿ ಶೇ. 39.4ಕ್ಕೆ ಇಳಿದಿದೆ ಅಂತಲೂ ಸರಕಾರದ ಲೆಕ್ಕ ಉಂಟು. ಕೇರಳದಲ್ಲಿ ಆ ಪಾಲು ದೇಶದ ಸರಾಸರಿಗಿಂತ ಎಷ್ಟೋ ಮೇಲೆ. ಎಪ್ಪತ್ತೈದು ವರ್ಷ ಎಂಬುದು ಧರ್ಮಕ್ಕೆ ಸಿಕ್ಕಿದ್ದಲ್ಲ, ಕ್ರಯಕ್ಕೆ ತೆಗೆದುಕೊಂಡದ್ದು.

ಕೇಂದ್ರದ ಇನ್ನೊಂದು ಯೋಜನೆಯನ್ನು ಹೊಗಳದಿದ್ದರೆ ಪಾಪ ಬರುತ್ತದೆ. 2024ರ ಅಕ್ಟೋಬರದಲ್ಲಿ ಶುರುವಾದದ್ದು, ಎಪ್ಪತ್ತು ತುಂಬಿದ ಎಲ್ಲರಿಗೂ ಐದು ಲಕ್ಷದ ವಿಮೆ. ದೇಶದ ಸರಾಸರಿ ಆಯುಷ್ಯ ಎಪ್ಪತ್ತು, ವಿಮೆ ಶುರುವಾಗುವುದೂ ಎಪ್ಪತ್ತಕ್ಕೆ. ಊಟದ ಪಂಕ್ತಿ ಎದ್ದ ಮೇಲೆ ಹೋಳಿಗೆ ತಂದ ಹಾಗೆ. (ಅಳಿಯ ಪುನಃ ಬಾಯಿ ತೆರೆದ, ನಾನು ಕೈಸನ್ನೆ ಮಾಡಿ ಕೂರಿಸಿದೆ.)

ಮಂಗಳೂರಿಗೇ ಯಾಕೆ ಓಡುತ್ತೀರಿ ಅಂತ ತಿರುವನಂತಪುರದ ಗೆಳೆಯರೊಬ್ಬರು ಕೇಳಿದರು. ಅವರ ಊರು ನಮಗೆ ಐನೂರು ಕಿಲೋಮೀಟರಿಗೂ ಮೇಲೆ, ಮಂಗಳೂರು ಒಂದು ಗಂಟೆ. ಉಕ್ಕಿನಡ್ಕದಲ್ಲಿ ನಮ್ಮದೇ ಸರಕಾರಿ ಮೆಡಿಕಲ್ ಕಾಲೇಜಿಗೆ 2013ರ ನವೆಂಬರ್ 30ಕ್ಕೆ ಶಿಲಾನ್ಯಾಸ ಆಯಿತು. ಎಂಬಿಬಿಎಸ್ಸಿಗೆ ಐವತ್ತು ಸೀಟು ಸಿಕ್ಕಿದ್ದು 2025ರಲ್ಲಿ. ಕಲ್ಲು ಹಾಕಿದ ದಿನ ಹುಟ್ಟಿದ ಮಗು ಅಷ್ಟರಲ್ಲಿ ಏಳನೇ ಕ್ಲಾಸಿಗೆ ಬಂದಿತ್ತು. ಕೊರೊನಾ ಸಮಯದಲ್ಲಿ ತೆಕ್ಕಿಲ್‌ನಲ್ಲಿ ಟಾಟಾದವರು ಕಂಟೈನರು ಜೋಡಿಸಿ ಕೆಲವೇ ತಿಂಗಳಲ್ಲಿ ಆಸ್ಪತ್ರೆ ಎಬ್ಬಿಸಿದ್ದನ್ನು ಕಂಡವರು ನಾವು. ಆದ್ದರಿಂದ ಆಗುವುದಿಲ್ಲ ಅಂತ ನಮಗೆ ಹೇಳಬೇಡಿ.

2020ರ ಮಾರ್ಚಿನ ವಿಷಯ ಬರೆಯಬಾರದು ಅಂತಲೇ ಕೂತವನು. ಗಡಿ ಮಾರ್ಗಗಳ ಮೇಲೆ ಕರ್ನಾಟಕದವರು ಲಾರಿಯಲ್ಲಿ ಮಣ್ಣು ತಂದು ಸುರಿದರು. ಕನ್ನಡ ಮಣ್ಣು ಅಂತ ನಾವು ವೇದಿಕೆ ಮೇಲೆ ಹಣೆಗೆ ಹಚ್ಚಿಕೊಳ್ಳುತ್ತಿದ್ದದ್ದು. ಆಂಬುಲೆನ್ಸುಗಳು ತಲಪಾಡಿಯಲ್ಲಿ ತಿರುಗಿ ಬಂದವು. ಡಯಾಲಿಸಿಸಿನವರು, ಹೃದಯದವರು, ವರ್ಷಗಟ್ಟಲೆ ಮಂಗಳೂರಿನ ಡಾಕ್ಟರರನ್ನೇ ನಂಬಿದವರು ಮನೆಯಲ್ಲಿ, ದಾರಿಯಲ್ಲಿ ಸತ್ತರು. ಎರಡು ಸರಕಾರಗಳು ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಹೋಗಿ ವಾದ ಮಾಡಿದವು. ಸತ್ತವರ ಕಾಗದದಲ್ಲಿ ಕಾರಣ ಬೇರೆ ಏನೇನೋ ಬಂದಿರಬಹುದು. ಮಣ್ಣು ಅಂತ ಯಾರೂ ಬರೆದಿರಲಾರರು, ಆ ರೋಗಕ್ಕೆ ಕೋಡ್ ನಂಬ್ರ ಇಲ್ಲ. ಸಾಕು, ಬೇರೆ ಮಾತಾಡುವ.

ಬಾವ ಈಗ ಆರಾಮ. ಡಾಕ್ಟರರ ಚೀಟಿ ಮತ್ತು ಸೊಸೈಟಿಯ ಕಂತಿನ ಚೀಟಿ ಎರಡನ್ನೂ ಕ್ಯಾಲೆಂಡರಿನ ಒಂದೇ ಮೊಳೆಗೆ ಸಿಕ್ಕಿಸಿದ್ದಾನೆ. ನಿನ್ನೆ ಬೆಳಿಗ್ಗೆ ಫೋನ್ ಮಾಡಿದ.

“ಬಾವ, ಪೇಪರಿನಲ್ಲಿ ನಮಗೆ ಎಪ್ಪತ್ತೈದು ಅಂತ ಹಾಕಿದ್ದಾರಲ್ಲ, ನೋಡಿದೆಯಾ? ನನಗೆ ಇನ್ನೂ ಹನ್ನೆರಡು ವರ್ಷ ಉಂಟು. ಅದನ್ನು ತೋರಿಸಿದರೆ ಸೊಸೈಟಿಯವರು ಐದು ವರ್ಷದ ಸಾಲವನ್ನು ಹನ್ನೆರಡು ವರ್ಷಕ್ಕೆ ಮಾಡಿಯಾರಾ?”

“ಕೇಳಿ ನೋಡು ಬಾವ. ಆದರೆ ಸ್ಟೆಂಟ್ ಹಾಕಿಸಿದ್ದು ಮಂಗಳೂರಿನಲ್ಲಿ ಅಂತ ಹೇಳಬೇಡ. ಎಪ್ಪತ್ತಕ್ಕೆ ಇಳಿಸಿಬಿಟ್ಟಾರು.”